ತಲೆಯಲ್ಲಿದ್ದ ಡ್ಯೂಟಿ ಪಟ್ಟಿ

ಫೆಬ್ರವರಿ 4

ಮಾವನಿಗೆ,

ಆರು ವರ್ಷದಿಂದ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ನಾನಿಲ್ಲದಿದ್ದರೆ ನಮ್ಮ ಆಫೀಸು ಒಂದು ದಿನವೂ ನಡೆಯುವುದಿಲ್ಲ ಎಂದು ನೀವು ನೆಂಟರ ಮುಂದೆಲ್ಲ ಹೇಳಿಕೊಂಡು ಬರುತ್ತೀರಿ. ಅದು ನಿಜ. ಆದರೆ ತಾನಾಗಿ ಆದ ನಿಜವಲ್ಲ. ನಡೆಯದ ಹಾಗೆ ನಾನೇ ಮಾಡಿಟ್ಟಿದ್ದೇನೆ.

ನನ್ನ ಕೆಲಸ ಏನೆಂದು ನೀವು ಒಮ್ಮೆ ಕೇಳಿದಾಗ ಎರಡು ಮಾತಲ್ಲಿ ಹಾರಿಸಿದ್ದೆ. ಬಸ್ ಡಿಪೋಗಳಿಗೆ ಒಂದು ಪ್ರೋಗ್ರಾಂ ಬರೆದಿದ್ದೇನೆ. ದಿನಾ ಸಂಜೆ ನಾಲ್ಕಕ್ಕೆ ಅದು ಮಾರನೆಯ ದಿನದ ಡ್ಯೂಟಿ ಪಟ್ಟಿ ತಯಾರಿಸುತ್ತದೆ. ಯಾವ ಡ್ರೈವರ್, ಯಾವ ಬಸ್ಸು, ಎಷ್ಟು ಗಂಟೆಗೆ. ಒಂಬತ್ತು ಡಿಪೋ, ಎಂಟುನೂರು ಚಿಲ್ಲರೆ ಡ್ರೈವರ್‌ಗಳು. ಕೇಳಲು ಸುಲಭ. ಆದರೆ ಮೂರನೇ ಡಿಪೋದಲ್ಲಿ ಒಬ್ಬರ ಕಣ್ಣಿಗೆ ಎದುರಿನ ಬೆಳಕು ಚುಚ್ಚುತ್ತದೆ, ಅವರಿಗೆ ಹಗಲು ಡ್ಯೂಟಿಯೇ ಆಗಬೇಕು. ಏಳನೇ ಡಿಪೋದಲ್ಲಿ ಗಂಡ ಹೆಂಡತಿ ಇಬ್ಬರೂ ಡ್ರೈವರ್. ಶಾಲೆ ಬಿಡುವ ಹೊತ್ತಿಗೆ ಒಬ್ಬರಾದರೂ ಮನೆಯಲ್ಲಿರಬೇಕು. ಐದನೇ ಡಿಪೋದಲ್ಲಿ ಭಾವ ಮೈದುನ ಇದ್ದಾರೆ. ಒಬ್ಬರು ಇಳಿದ ಬಸ್ಸನ್ನು ಇನ್ನೊಬ್ಬರು ಹತ್ತಿದರೆ ಸೀಟು ಸರಿಸಿದ್ದಕ್ಕೇ ಜಗಳ. ಇಂಥವು ನೂರಾರು. ಯಾವುದೂ ಯಾವ ಕಾಗದದಲ್ಲೂ ಇಲ್ಲ. ಪ್ರೋಗ್ರಾಂನಲ್ಲಿ ‘17ಕ್ಕೆ 4 ಬೇಡ’ ಎಂಬ ಥರ ನಂಬರುಗಳು ಮಾತ್ರ ಇವೆ. ಹದಿನೇಳು ಯಾರು, ನಾಲ್ಕು ಏನು ಎನ್ನುವುದು ನನ್ನ ತಲೆಯಲ್ಲಿದೆ.

ಮೊದಲು ಗಡಿಬಿಡಿಯಲ್ಲಿ ಬರೆದಿಡಲಿಲ್ಲ. ಆಮೇಲೆ ಬೇಕೆಂದೇ ಬರೆದಿಡಲಿಲ್ಲ. ನನ್ನ ಸುತ್ತ ಕೂತವರೆಲ್ಲ ಡಿಗ್ರಿಯವರು. ಫಾರಂನಲ್ಲಿ ವಿದ್ಯಾರ್ಹತೆ ಎಂದು ಕೇಳಿದಲ್ಲೆಲ್ಲ ನಾನು ‘ಒಂಬತ್ತನೇ ತರಗತಿ’ ಎಂದೇ ಬರೆದಿದ್ದೇನೆ, ಒಂದಕ್ಷರ ಸುಳ್ಳಿಲ್ಲ. ಆದರೆ ಹೇಳದೆ ಇರುವುದೂ ಒಂದು ಕಸುಬು. ಅದರಲ್ಲಿ ನಾನು ಪಳಗಿದ್ದೇನೆ. ತಲೆಯಲ್ಲಿರುವುದು ಕಾಗದಕ್ಕೆ ಇಳಿದ ದಿನ ಒಂಬತ್ತನೇ ತರಗತಿಯವಳು ಇವರಿಗೆ ಯಾಕೆ ಬೇಕು?

ಈಗ ಹೇಳಲು ಕಾರಣವಿದೆ. ನಮ್ಮ ಕಂಪನಿ ಇನ್ನೊಂದು ಊರಿನಲ್ಲಿ ಹೊಸ ತಂಡ ಕಟ್ಟುತ್ತಿದೆ. ದಾರಿಯಲ್ಲಿ ಒಂದು ಬಸ್ಸು ಕೆಟ್ಟರೆ ಆ ಕ್ಷಣವೇ ಇಡೀ ಪಟ್ಟಿಯನ್ನು ಮತ್ತೆ ಹೊಂದಿಸುವ ಕೆಲಸ ಅದು. ಆರು ವರ್ಷ ಒಂದೇ ಕುರ್ಚಿ ಸವೆಸಿದವಳಿಗೆ ಅದು ಬೇಕೇಬೇಕು. ನನ್ನ ನಂತರ ಸೇರಿದ ಮೂವರು ನನಗಿಂತ ಮೇಲೆ ಹೋದರು. ಯಾಕೆಂದು ಕೇಳಿದ್ದಕ್ಕೆ ಮ್ಯಾನೇಜರ್ ಮುಚ್ಚುಮರೆ ಮಾಡಲಿಲ್ಲ. “ನೀನು ತುಂಬಾ ಬೇಕಾದವಳು. ಅದಕ್ಕೇ ನಿನ್ನನ್ನ ಎಲ್ಲಿಗೂ ಕಳಿಸೋಕಾಗ್ತಿಲ್ಲ” ಅಂದರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ತಂಡ ಬದಲಿಸುವವರು ಮೊದಲು ಹದಿನೈದು ದಿನ ಮಾಯವಾಗಬೇಕು. ಫೋನಿಲ್ಲ, ಪ್ರಶ್ನೆಯಿಲ್ಲ, ಉತ್ತರವಿಲ್ಲ. ಅವರಿಲ್ಲದೆ ಕೆಲಸ ನಡೆದರೆ ಹೋಗಬಹುದು, ಇಲ್ಲದಿದ್ದರೆ ಇಲ್ಲ. ಹೊಸ ತಂಡದಲ್ಲಿ ನನ್ನ ಈಗಿನದಕ್ಕಿಂತ ಮೇಲಿನ ಒಂದು ಜಾಗವಿದೆ, ಜೂನ್ ಕೊನೆಯವರೆಗೆ ಅದನ್ನು ಖಾಲಿ ಇಡುತ್ತಾರಂತೆ. ಅಷ್ಟರೊಳಗೆ ನಾನು ಬೇಡವಾಗಬೇಕು.

ನೀವು ಲಿಫ್ಟ್ ರಿಪೇರಿಯವರು. ಪ್ರತಿ ಕಟ್ಟಡದ ಯಂತ್ರದ ಕೋಣೆಯಲ್ಲೂ ಒಂದು ಪುಸ್ತಕ ನೇತುಹಾಕಿ, ಮುಟ್ಟಿದವರೆಲ್ಲ ಅದರಲ್ಲಿ ಬರೆಯಬೇಕು ಎನ್ನುತ್ತೀರಲ್ಲ, ಹೇಗೆ ಬರೆಯಬೇಕು ಅಂತ ಹೇಳಿಕೊಡಿ. ಹಳೆಯದೊಂದು ಇದ್ದರೆ ಕಳಿಸಿ. ಫೋನಿನಲ್ಲಿ ನಿಮಗೆ ಕೇಳುವುದಿಲ್ಲ. ಕೂಗಿ ಹೇಳುವ ವಿಷಯವೂ ಇದಲ್ಲ.

ನೀವಿಟ್ಟ ಹೆಸರಿನವಳು,
ಗಿರಗಿಟ್ಲೆ


ಫೆಬ್ರವರಿ 19

ಗಿರಗಿಟ್ಲೆಗೆ,

ನಿನ್ನ ಕಾಗದ ಒಂದು ಸಲ ನಾನೇ ಓದಿದೆ. ಇನ್ನೊಂದು ಸಲ ನಿನ್ನತ್ತೆ ನನ್ನ ಕಿವಿಯ ಹತ್ತಿರ ಬಂದು ಓದಿದಳು, ಓಣಿಗೆಲ್ಲ ಕೇಳುವ ಹಾಗೆ. ಆದ್ದರಿಂದ ನಿನ್ನ ಗುಟ್ಟು ಈಗ ಓಣಿಯದು.

ಪುಸ್ತಕ ಕಳಿಸಲಾರೆ, ಅದು ಕಂಪನಿಯ ಸ್ವತ್ತು. ಬರೆಯುವುದರಲ್ಲಿ ದೊಡ್ಡ ವಿದ್ಯೆ ಇಲ್ಲ. ಯಾರು, ಯಾವತ್ತು, ಏನು. ಕೈ ಒರೆಸಿಕೊಳ್ಳುವ ಮೊದಲೇ ಬರೆಯಬೇಕು. ಒರೆಸಿಕೊಂಡ ಮೇಲೆ ಎಲ್ಲರೂ ಬುದ್ಧಿವಂತರಾಗುತ್ತಾರೆ. ಗ್ರೀಸು ಹತ್ತದ ಪುಟವನ್ನು ನಂಬಬೇಡ ಎಂದು ನನ್ನ ಮೇಸ್ತ್ರಿ ಹೇಳುತ್ತಿದ್ದರು.

ನೀನು ಮಾಡಿದ್ದು ಕಳ್ಳತನವಲ್ಲ, ಬಚ್ಚಿಡುವುದು. ಬಚ್ಚಿಟ್ಟವರಿಗೇ ಕಾವಲು ಕೆಲಸ. ಅದಕ್ಕೇ ನೀನು ಎರಡು ವರ್ಷದಿಂದ ಇಲ್ಲಿಗೆ ಬಂದಿಲ್ಲ ಎಂದು ನಿನ್ನತ್ತೆಗೆ ಈಗ ಅರ್ಥವಾಯಿತು.

ಇಲ್ಲಿ ಕೆಲಸ ಎಂದಿನ ಹಾಗೆ. ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ಬದಲಾಯಿಸುವುದಿದೆ.

ಮಾವ


ಮಾರ್ಚ್ 11

ಮಾವನಿಗೆ,

ನನ್ನ ಕೆಲಸ ಕಲಿಯಲು ಒಬ್ಬರನ್ನು ಕೊಟ್ಟಿದ್ದಾರೆ. ನಲವತ್ತಾರು ವರ್ಷ. ಹಿಂದೆ ಪ್ರೋಗ್ರಾಂ ಬರೆಯುತ್ತಿದ್ದರಂತೆ. ಹನ್ನೆರಡು ವರ್ಷ ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿದ್ದು ಈಗ ಮತ್ತೆ ಕೆಲಸಕ್ಕೆ ಬಂದಿದ್ದಾರೆ. ವಯಸ್ಸಿನಲ್ಲಿ ಅಕ್ಕ, ಆಫೀಸಿಗೆ ಹೊಸಬರು. ಎಲ್ಲರೂ ಹೊಸಕ್ಕ ಎನ್ನುತ್ತಾರೆ. ಅವರಿಗೂ ಬೇಜಾರಿಲ್ಲ.

ಮೊದಲ ದಿನ ನಾನು ಒಂದೇ ಉಸಿರಿನಲ್ಲಿ ಎರಡು ಗಂಟೆ ಹೇಳಿದೆ. ಅವರು ದೊಡ್ಡ ನೋಟ್‌ಬುಕ್ಕು ಬಿಚ್ಚಿಕೊಂಡು ಕೂತಿದ್ದರು. ಕೊನೆಗೆ ಪೆನ್ನು ಕೆಳಗಿಟ್ಟು ಕೇಳಿದರು:

“ಒಂದು ನಿಮಿಷ. ನೀವು ಹೇಳ್ತಿರೋದು ನನಗೆ ತಿಳೀಲಿ ಅಂತಾನಾ, ನಿಮಗೆ ಗೊತ್ತಿದೆ ಅಂತಾನಾ?”

ಮಾರನೆಯ ದಿನದಿಂದ ಬಾಯಿ ಮುಚ್ಚಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಬರವಣಿಗೆ ಮಾತ್ರ, ಫೋನು ಡ್ರಾಯರ್‌ನಲ್ಲಿ. ಮೊದಲ ದಿನ ಆ ಎರಡು ಗಂಟೆಯಲ್ಲಿ ಹದಿನಾಲ್ಕು ಸಲ ನೀರು ಕುಡಿಯಲು ಎದ್ದೆ. ಲೆಕ್ಕ ಹಿಡಿದವರು ಹೊಸಕ್ಕ. ನಿಮ್ಮ ಹೊಟ್ಟೆಯಲ್ಲಿ ಬಾವಿ ಇದೆಯಾ ಎಂದು ಕೇಳಿ, ಎರಡು ಲೀಟರಿನ ಬಾಟಲಿ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. ಈಗ ನಾಲ್ಕು ಸಲಕ್ಕೆ ಇಳಿದಿದೆ. ನಾನು ಶಾಲೆ ಬಿಟ್ಟದ್ದು ದಡ್ಡತನಕ್ಕಲ್ಲ, ಕೂರಲಾರದೆ. ಅದು ಈಗಲೂ ಹಾಗೇ ಇದೆ.

ಕೆಲವು ನಂಬರುಗಳು ನನಗೇ ನೆನಪಿಲ್ಲ. ‘212ಕ್ಕೆ ಸೋಮವಾರ ಬೇಡ’ ಎಂದಿದೆ. ಯಾಕೆ? ಎರಡು ದಿನ ತಲೆ ಕೆರೆದುಕೊಂಡು ಡಿಪೋಗೆ ಫೋನು ಮಾಡಿದೆ. ಆ ಡ್ರೈವರ್ ಸೋಮವಾರ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ತಾಯಿ ತೀರಿಹೋದರು, ಆಮೇಲೆ ಅವರೂ ನಿವೃತ್ತರಾದರು. ನಂಬರು ಇನ್ನೊಬ್ಬರಿಗೆ ಹೋಗಿದೆ. ಮೂರು ವರ್ಷದಿಂದ ಆ ಇನ್ನೊಬ್ಬರಿಗೆ ಪ್ರತಿ ಸೋಮವಾರ ಬಿಡುವು. ಯಾಕೆಂದು ಅವರು ಒಮ್ಮೆಯೂ ಕೇಳಿಲ್ಲ. ಜಾಣರು.

ನನ್ನ ತಲೆಯಲ್ಲಿ ಎಲ್ಲವೂ ಇದೆ ಎಂದು ನಾನೂ ನಂಬಿದ್ದೆ.

ನಿಮ್ಮ ಕಾಗದ ಬಹಳ ಚೊಕ್ಕಟವಾಗಿತ್ತು, ಮಾವ. ಮೊದಲೆಲ್ಲ ಮೂಲೆಯಲ್ಲಿ ಹೆಬ್ಬೆರಳಿನ ಕರಿ ಗುರುತು ಇರುತ್ತಿತ್ತು.

ಗಿರಗಿಟ್ಲೆ


ಏಪ್ರಿಲ್ 2

ಗಿರಗಿಟ್ಲೆಗೆ,

ಕಂಪನಿಯವರು ಹೊಸ ಸೋಪು ಕೊಟ್ಟಿದ್ದಾರೆ. ಎಂಥ ಗ್ರೀಸಾದರೂ ಹೋಗುತ್ತದೆ.

ಆ ಹೊಸಕ್ಕನ ಮಾತು ಕೇಳು. ನೀರು ಕುಡಿ. ನಿನ್ನತ್ತೆಯ ಮಂಡಿನೋವು ಹಾಗೇ ಇದೆ. ನೋವಿಗಿಂತ ಅದರ ವರ್ಣನೆ ಜಾಸ್ತಿ ಎಂದು ನಾನು ಅಂದೆ, ಎರಡು ದಿನ ಮಾತಿಲ್ಲ. ಆಡಿದ್ದರೂ ನನಗೆ ಕೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಮಾವ


ಮೇ 3

ಮಾವನಿಗೆ,

ಏಪ್ರಿಲ್ 14ರಿಂದ 28ರವರೆಗೆ ನನ್ನ ಹದಿನೈದು ದಿನ ಆಯಿತು. ಪಟ್ಟಿ ಒಂದು ದಿನವೂ ನಿಲ್ಲಲಿಲ್ಲ. ಹೊಸಕ್ಕ ಒಬ್ಬರೇ ನಡೆಸಿದರು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಮನೆಯಲ್ಲಿ ಮಕ್ಕಳಿಗೂ ಹೇಳಿದರಂತೆ, ನಿಮ್ಮಮ್ಮನಿಗೆ ಇನ್ನೂ ಕೆಲಸ ಬರುತ್ತದೆ ನೋಡಿ ಎಂದು. ಇದನ್ನು ನನಗೆ ಹೇಳುವಾಗ ಅವರು ನೋಟ್‌ಬುಕ್ಕಿನ ರಟ್ಟನ್ನು ಸವರುತ್ತಿದ್ದರು.

ಅದು ಸುಳ್ಳು. ನಾಲ್ಕನೇ ದಿನ ನಾನು ಒಳಗೆ ಹೋಗಿದ್ದೆ.

ಆಫೀಸಿನವರು ನನ್ನ ಪಾಸ್‌ವರ್ಡು ನಿಲ್ಲಿಸಿದ್ದರು. ಆದರೆ ಪ್ರೋಗ್ರಾಂಗೆ ಹಿತ್ತಲ ಬಾಗಿಲಿನಂಥ ಒಂದು ದಾರಿಯನ್ನು ನಾನು ಎಂದೋ ಮಾಡಿಟ್ಟುಕೊಂಡಿದ್ದೆ. ಯಾರಿಗೂ ಗೊತ್ತಿಲ್ಲದ ದಾರಿ. ನೋಡಿ ಬಿಡೋಣ, ಮುಟ್ಟುವುದು ಬೇಡ ಎಂದು ಮೂರೂವರೆಗೆ ತೆರೆದೆ. ಎಂಟನೇ ಡಿಪೋಗೆ ಎರಡು ಹೊಸ ಬಸ್ಸು ಬಂದಿದ್ದವು. ಅವನ್ನು ಸೇರಿಸುವುದು ಹೇಗೆಂದು ನಾನು ಬರೆಯಲು ಮರೆತಿದ್ದೆ. ನಾಲ್ಕಕ್ಕೆ ಪಟ್ಟಿ ನಿಲ್ಲುವುದು ಖಂಡಿತ. ಆರು ನಿಮಿಷದಲ್ಲಿ ಸರಿ ಮಾಡಿ ಹೊರಗೆ ಬಂದೆ. ಖುಷಿಯಾಯಿತು, ಅದೇ ತಪ್ಪು ಅನಿಸುತ್ತದೆ ಈಗ.

ನಾನು ವಾಪಸ್ ಹೋದ ದಿನ ಮ್ಯಾನೇಜರ್ ನನ್ನ ವರ್ಗಾವಣೆಯ ಫಾರಂ ಎದುರಿಗಿಟ್ಟುಕೊಂಡು ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದರು. ಹೊಸಕ್ಕ ಪಕ್ಕದಲ್ಲೇ ಇದ್ದರು. ನಾನು ಹೇಳಿಬಿಟ್ಟೆ. ಮ್ಯಾನೇಜರ್ ಮುಚ್ಚಳ ವಾಪಸ್ ಹಾಕಿದರು. ಬೈಯಲಿಲ್ಲ. ಹದಿನೈದು ದಿನ ಮತ್ತೆ ಮೊದಲಿಂದ. ಮೇ ತಿಂಗಳಲ್ಲಿ ಡಿಪೋಗಳ ವೇಳಾಪಟ್ಟಿ ಬದಲಾಗುವುದರಿಂದ ಯಾರಿಗೂ ರಜೆ ಇಲ್ಲ, ಹಾಗಾಗಿ ಜೂನ್ 8ರಿಂದ. ಅತ್ತ ಹೊಸ ತಂಡದವರು ಇನ್ನೊಬ್ಬರನ್ನೂ ಮಾತಾಡಿಸಿ ಇಟ್ಟಿದ್ದಾರಂತೆ. ನನಗಾಗಿ ಕಾಯುವುದಿಲ್ಲ ಎಂದಿದ್ದಾರೆ.

ಹೊಸಕ್ಕ ಮೂರು ದಿನ ಮಾತಾಡಲಿಲ್ಲ. ನಿನ್ನೆ ಹೊರಡುವಾಗ ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ನಿಂತರು.

“ಬೀಳೋಕೆ ಬಿಡಬೇಕಿತ್ತು. ಬಿದ್ದಿದ್ರೆ ನಾನು ಏಳ್ತಿದ್ದೆ. ಗೆಲ್ಲಿಸಿ ಅವಮಾನ ಮಾಡಿದ್ರಿ.”

ಇವತ್ತು ಭಾನುವಾರ, ಹೊಸ ಬಸ್ಸು ಸೇರಿಸುವುದು ಹೇಗೆಂದು ಬರೆಯುತ್ತ ಕೂತಿದ್ದೇನೆ.

ಆ ಹದಿನಾಲ್ಕು ಮಹಡಿಯ ಲಿಫ್ಟಿನ ಹಗ್ಗ ಬದಲಾಯಿಸಿದಿರಾ? ಫೆಬ್ರವರಿಯಲ್ಲಿ ಬರೆದಿದ್ದಿರಿ.

ಗಿರಗಿಟ್ಲೆ


ಮೇ 20

ಗಿರಗಿಟ್ಲೆಗೆ,

ಹಗ್ಗ ಬದಲಾಯಿಸಿದರು. ನಾನಲ್ಲ.

ಹೋದ ಸೆಪ್ಟೆಂಬರ್‌ನಲ್ಲೇ ನನ್ನನ್ನು ಲಿಫ್ಟುಗಳಿಂದ ತೆಗೆದರು. ಕಿವಿ ಪರೀಕ್ಷೆ ಮಾಡಿಸಿದರು. ಒಂದು ಡಬ್ಬಿಯೊಳಗೆ ಕೂರಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ನಾನು ಕೂತೇ ಇದ್ದೆ. ಪರೀಕ್ಷೆ ಯಾವಾಗ ಶುರುವಾಗುತ್ತದೆ ಎಂದು ಕೇಳಲು ಬಾಗಿಲು ತೆಗೆದೆ. ಮುಗಿದಿತ್ತು. ಈಗ ಗೋದಾಮಿನಲ್ಲಿದ್ದೇನೆ. ಸ್ಪ್ಯಾನರ್, ಕೈಗವಸು ಕೇಳಿದವರಿಗೆ ಕೊಡುವುದು, ಸಂಜೆ ವಾಪಸ್ ಪಡೆಯುವುದು. ನಿನ್ನತ್ತೆಗೆ ಗೊತ್ತು. ನಿನಗೆ ಬರೆಯುವುದು ಬೇಡ ಎಂದು ನಾನೇ ಅಂದಿದ್ದೆ.

ಇದಿಷ್ಟೇ ಆಗಿದ್ದರೆ ಈಗಲೂ ಬರೆಯುತ್ತಿರಲಿಲ್ಲ. ನನ್ನ ಜಾಗಕ್ಕೆ ಬಂದ ಮೆಕ್ಯಾನಿಕ್ ಒಂದು ದಿನ ಗೋದಾಮಿಗೆ ಬಂದ. ಕೈಯಲ್ಲಿ ಯಂತ್ರದ ಕೋಣೆಯ ಪುಸ್ತಕ. ಮೂವತ್ತೊಂದು ವರ್ಷದ್ದು, ಎಲ್ಲ ನನ್ನ ಅಕ್ಷರ. ತೆರೆದು ತೋರಿಸಿದ. ‘ಶಬ್ದ ಬಂತು. ಸರಿ ಮಾಡಿದೆ.’ ತಾರೀಖು. ಮುಂದಿನ ಪುಟ. ‘ಶಬ್ದ ಬಂತು. ಸರಿ ಮಾಡಿದೆ.’ ಪುಟಕ್ಕೆ ಇಪ್ಪತ್ತು ಸಲ. ಅವನು ನನ್ನ ಮುಖದ ಎದುರು ನಿಂತು, ತುಟಿ ಕಾಣುವ ಹಾಗೆ ಕೇಳಿದ.

“ಎಂಥ ಶಬ್ದ, ಯಜಮಾನ್ರೇ?”

ಬಾ, ಕೇಳಿಸುತ್ತೇನೆ ಎಂದು ಅವನ ಜೊತೆ ಹೋದೆ. ಹದಿನಾಲ್ಕು ಮಹಡಿ ಹತ್ತಿ, ಯಂತ್ರದ ಕೋಣೆಯಲ್ಲಿ ನಿಂತೆವು. ಚಕ್ರ ತಿರುಗುತ್ತಿತ್ತು, ಹಗ್ಗ ಓಡುತ್ತಿತ್ತು. ನನಗೆ ಏನೂ ಇಲ್ಲ. ಅವನು ಕಾಯುತ್ತ ನಿಂತಿದ್ದ. ಒಳ್ಳೆಯವನು, ಬಹಳ ಹೊತ್ತು ಕಾದ.

ಗ್ರೀಸು ಹತ್ತಿದ ಪುಟಗಳೇ ಎಲ್ಲ. ಆದರೂ ಪ್ರಯೋಜನವಿಲ್ಲ.

ನಿನ್ನ ಹಾಗೆ ಬೇಕೆಂದು ಬಚ್ಚಿಟ್ಟದ್ದಲ್ಲ. ಕಿವಿ ಇರುವವರಿಗೆ ಗೊತ್ತಾಗುತ್ತದೆ ಬಿಡು ಎಂಬ ಜಂಬ. ಎರಡರಲ್ಲಿ ಯಾವುದು ಕೆಟ್ಟದ್ದೋ ನೀನೇ ಹೇಳು.

ಈಗ ನೆನಪಿನಿಂದ ಬರೆಯುತ್ತಿದ್ದೇನೆ. ಹಗ್ಗಕ್ಕೆ ಎಣ್ಣೆ ಕಡಿಮೆಯಾದರೆ ಕಿರಕಿರ. ಬೇರಿಂಗು ಸವೆದರೆ ಗರಗರ, ಮೇಲೆ ಹೋಗುವಾಗ ಜಾಸ್ತಿ. ಬ್ರೇಕು ಒಂದು ಕಡೆ ಹಿಡಿದರೆ ಗಕ್ ಎಂದು ನಿಂತು, ಆಮೇಲೆ ಸಣ್ಣಗೆ ಕಿಣಿ. ಬಾಗಿಲಿನ ಪಟ್ಟಿ ಸಡಿಲವಾದರೆ ಲಟಪಟ. ನಾನು ಬಾಯಲ್ಲಿ ಶಬ್ದ ಮಾಡುತ್ತೇನೆ, ನಿನ್ನತ್ತೆ ಬರೆಯುತ್ತಾಳೆ. ನಾನು ಗರಗರ ಅಂದರೆ ಅವಳು ಅದು ಗೊರಗೊರ, ನೀವು ನಿದ್ದೆಯಲ್ಲಿ ಮಾಡುವುದು ಎನ್ನುತ್ತಾಳೆ. ಅರವತ್ತೆರಡು ಶಬ್ದ ಆಗಿವೆ.

ಆ ಹಿತ್ತಲ ಬಾಗಿಲನ್ನು ನೀನೇ ಮುಚ್ಚಬೇಡ. ಹೊಸಕ್ಕನ ಕೈಯಲ್ಲಿ ಮುಚ್ಚಿಸು.

ಮಾವ


ಜೂನ್ 24

ಮಾವನಿಗೆ,

ನೀವು ಹೇಳಿದ ಹಾಗೆ ಮಾಡಿದೆ. ಹೊಸಕ್ಕನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಆ ದಾರಿ ಎಲ್ಲಿದೆ ಎಂದು ತೋರಿಸಿದೆ. ಅವರು ಇನ್ನೂ ಎಷ್ಟಿವೆ ಎಂದು ಕೇಳಿದರು. ಒಂದೇ ಅಂದೆ. ನನ್ನ ಮುಖವನ್ನೇ ನೋಡಿದರು. ಇನ್ನೊಂದಿದೆ ಅಂದೆ. ಎರಡನ್ನೂ ಅಳಿಸಿ, ತಾರೀಖು ಹಾಕಿ, ನೋಟ್‌ಬುಕ್ಕಿನಲ್ಲಿ ಇಬ್ಬರ ಸಹಿ ತೆಗೆದುಕೊಂಡರು.

ಜೂನ್ 8ರಿಂದ 22. ನಾಲ್ಕು ಗಂಟೆ ಹತ್ತಿರವಾದಾಗೆಲ್ಲ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಕಿಟಕಿ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ಆಮೇಲೆ ಬೀದಿಯ ಕೊನೆಯ ಬಸ್ ಸ್ಟಾಪಿಗೆ ಹೋಗಿ ನಿಲ್ಲುವುದು ಅಭ್ಯಾಸವಾಯಿತು. ಬಸ್ಸುಗಳು ಬರುತ್ತಿದ್ದವು. ಏಳನೇ ದಿನ ಒಂದು ತಡವಾಯಿತು. ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷ ಹೇಗೆ ಕಳೆದೆ ಎಂದು ಬರೆಯುವುದಿಲ್ಲ.

ವಾಪಸ್ ಹೋದ ಮೇಲೆ ಗೊತ್ತಾಯಿತು. ಆರನೇ ದಿನ ಐದನೇ ಡಿಪೋದ ಪಟ್ಟಿ ನಿಂತಿತ್ತು. ಹೊಸಕ್ಕ ನಾನು ಮಾಡುವ ಹಾಗೆ ಪ್ರೋಗ್ರಾಂನೊಳಗೆ ಕೈಹಾಕಲಿಲ್ಲ. ಅಲ್ಲಿನ ಸೂಪರ್‌ವೈಸರ್‌ಗೆ ಫೋನು ಮಾಡಿ, ಪೆನ್ಸಿಲು ರಬ್ಬರು ಹಿಡಿದುಕೊಂಡು, ಆ ಡಿಪೋದ ಪಟ್ಟಿಯನ್ನು ಕೈಯಲ್ಲೇ ಬರೆದರು. ಇಪ್ಪತ್ತು ನಿಮಿಷ ತಡ. ಭಾವ ಮೈದುನರಿಗೆ ಒಂದೇ ಬಸ್ಸು ಬಿತ್ತು, ಸೀಟಿನ ಜಗಳ ಆಯಿತು, ಅದೇ ನನ್ನ ಒಂಬತ್ತು ನಿಮಿಷ. ತಪ್ಪು ನನ್ನದು ಎಂದು ತಮ್ಮ ಹೆಸರಿನಲ್ಲಿ ಬರೆದಿದ್ದಾರೆ. ಆಮೇಲೆ ನನ್ನ ನಂಬರುಗಳನ್ನೆಲ್ಲ ಕಿತ್ತುಹಾಕಿ, ಹೆಸರು, ಕಾರಣ, ಎಲ್ಲಿಯವರೆಗೆ ಎಂಬ ಮೂರು ಕಾಲಂ ಮಾಡಿ ಡಿಪೋದವರಿಗೇ ಕೊಟ್ಟರು. ಇನ್ನು ಮೇಲೆ ಅವರೇ ತುಂಬುತ್ತಾರೆ, ಅವರೇ ಅಳಿಸುತ್ತಾರೆ.

ಎಲ್ಲ ಸೇರಿ ಹನ್ನೊಂದು ಪುಟ. ನಾನು ಆರು ವರ್ಷ ಕಾವಲು ಕೂತದ್ದು ಹನ್ನೊಂದು ಪುಟಕ್ಕೆ. ಅದರಲ್ಲೂ ಎರಡು ಪುಟ ಬಿಟ್ಟುಹೋದವರ, ತೀರಿಹೋದವರ ಹೆಸರಾಗಿದ್ದವು. ಅವನ್ನು ತೆಗೆದರೆ ಒಂಬತ್ತು.

ಮ್ಯಾನೇಜರ್ ಸಹಿ ಹಾಕಿದರು. ಆದರೆ ಹೊಸ ತಂಡದ ಆ ಮೇಲಿನ ಜಾಗ ಜೂನ್ 12ಕ್ಕೇ ಆ ಇನ್ನೊಬ್ಬರಿಗೆ ಹೋಗಿದೆ. ಏಪ್ರಿಲ್‌ನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಅದು ನನ್ನದಾಗಿರುತ್ತಿತ್ತು. ಈಗ ಅಲ್ಲಿ ಉಳಿದಿರುವುದು ಒಂದು ಕೆಳಗಿನ ಜಾಗ. ಈಗಿನದೇ ದರ್ಜೆ, ಈಗಿನದೇ ಸಂಬಳ. ಕೆಲಸ ಮಾತ್ರ ನಾನು ಬಯಸಿದ್ದೇ. ಇಲ್ಲೇ ಇದ್ದರೆ ಈ ಸಲ ಬಡ್ತಿ ಕೊಡಿಸುತ್ತೇನೆ ಎಂದು ಮ್ಯಾನೇಜರ್ ಹೇಳಿದರು. ನಾನು ಬೇಡವಾದ ಮೇಲೆ ಬಡ್ತಿ ಸಿಗುತ್ತಿದೆ. ನಗಬೇಕೋ ಏನೋ. ಶುಕ್ರವಾರದೊಳಗೆ ಹೇಳಬೇಕು.

ಅರವತ್ತೆರಡು ಶಬ್ದ ಎಂದಿದ್ದಿರಿ. ಆ ಮೆಕ್ಯಾನಿಕ್ ಓದಿದನಾ? ಅವನಿಗೆ ಉಪಯೋಗವಾಯಿತಾ?

ಗಿರಗಿಟ್ಲೆ


ಜೂನ್ 27

ಗಿರಗಿಟ್ಲೆಗೆ,

ಓದಿದ. ನಲವತ್ತು ಸರಿ ಎಂದ. ಹದಿನೈದು ಈಗಿನ ಯಂತ್ರಗಳಲ್ಲಿ ಬರುವುದೇ ಇಲ್ಲವಂತೆ. ಏಳಕ್ಕೆ ತಲೆ ಅಲ್ಲಾಡಿಸಿದ, ಯಾವ ಕಡೆಗೆ ಎಂದು ತಿಳಿಯಲಿಲ್ಲ. ಪುಸ್ತಕದ ಪಕ್ಕ ಇನ್ನೊಂದು ಮೊಳೆ ಹೊಡೆದು ನೇತುಹಾಕಿದ್ದಾನೆ.

ನಿನ್ನ ಶುಕ್ರವಾರ ನಿನ್ನೆಯೇ ಕಳೆಯಿತು. ಯಾವ ಜಾಗ ತೆಗೆದುಕೊಳ್ಳಬೇಕು ಎಂದು ನೀನು ಕೇಳಿರಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ಮಾವ


ಜೂನ್ 29

ಮಾವನಿಗೆ,

ಕೆಳಗಿನ ಜಾಗವನ್ನೇ ಒಪ್ಪಿಕೊಂಡೆ. ಶುಕ್ರವಾರ ಹೇಳಿದಾಗ ಮ್ಯಾನೇಜರ್ ಯೋಚಿಸಿದ್ದೀಯಾ ಎಂದರು. ಇಲ್ಲ ಅಂದೆ, ಯೋಚಿಸಿದ್ದರೆ ಇಲ್ಲೇ ಉಳಿಯುತ್ತಿದ್ದೆ.

ಇವತ್ತು ಕೊನೆಯ ದಿನ. ನಾಲ್ಕು ಗಂಟೆಗೆ ನಾನು ಹೊಸಕ್ಕನ ಹಿಂದೆ ನಿಂತಿದ್ದೆ. ಒಂಬತ್ತು ಡಿಪೋದ ಪಟ್ಟಿ ಒಂದೊಂದಾಗಿ ಬಂತು. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ, ನೋಡುವ ಕಾರಣವೂ ಇರಲಿಲ್ಲ. ಹೊಸಕ್ಕ ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡು, ಏನಾದರೂ ಮರೆತಿದ್ದೀರಾ ಎಂದು ಕೇಳಿದರು. ಮರೆತಿದ್ದರೆ ನನಗೆ ಹೇಗೆ ಗೊತ್ತಾಗುತ್ತದೆ ಅಂದೆ. ಅವರು ನಕ್ಕರು. ಏಪ್ರಿಲ್ ಆದಮೇಲೆ ಮೊದಲ ಸಲ.

“ಹಾಗಾದ್ರೆ ಫೋನ್ ಮಾಡಲ್ಲ” ಅಂದರು.

“ಮಾಡಬೇಡಿ” ಅಂದೆ.

ಕೋಣೆಯ ಬೀಗದ ಕೈ ಮನೆಯೊಡತಿಗೆ ಕೊಟ್ಟಾಯಿತು. ಸಾಮಾನು ಎರಡು ಚೀಲ, ಅಷ್ಟೇ. ಹೊಸ ವಿಳಾಸ ಈ ಹಾಳೆಯ ಹಿಂದಿದೆ. ಅಲ್ಲಿ ಸೇರಿದ ಮೊದಲ ವರ್ಷ ಎಲ್ಲರಿಗೂ ಒಂದು ವಾರ ರಜೆ ಕೊಡುತ್ತಾರಂತೆ. ಅತ್ತೆಗೆ ಹೇಳಿ, ಬರುತ್ತೇನೆ. ನಾಳೆ ಬೆಳಿಗ್ಗೆ ಏಳೂ ಹತ್ತರ ರೈಲಿಗೆ ಹೊರಡುತ್ತೇನೆ.

ಗಿರಗಿಟ್ಲೆ